ಹಡಗಿನಲ್ಲಿ ಅಲುಗದ ಕೋಣೆ

“ಗುರುಗಳೇ, ಯಾವ ಕೋಣೆಯಲ್ಲಿ ಕೂತರೆ ಮನಸ್ಸು ನಿಲ್ಲುತ್ತದೆ?”

ಮಧ್ಯಾಹ್ನ ಮೂರು ಗಂಟೆ. ಗುರುಗಳು ಪಂಚೆಯ ಅಂಚಿನಿಂದ ಕನ್ನಡಕ ಒರೆಸುತ್ತಿದ್ದರು. ಕೇಳಿದವನು ಆಶ್ರಮಕ್ಕೆ ಬಂದು ಎರಡು ವರ್ಷವಾದ ಶಿಷ್ಯ. ಈ ಎರಡು ವರ್ಷದಲ್ಲಿ ಅವನು ಮೂರು ಕೋಣೆ ಬದಲಿಸಿದ್ದ. ಮೊದಲನೆಯದಕ್ಕೆ ಕೊಟ್ಟಿಗೆಯ ವಾಸನೆ ಬರುತ್ತಿತ್ತು. ಎರಡನೆಯದಕ್ಕೆ ಅಡುಗೆಮನೆಯ ಒಗ್ಗರಣೆಯ ಘಾಟು. ಮೂರನೆಯದು ಗಂಟೆಯ ಪಕ್ಕದಲ್ಲಿತ್ತು. ಗಂಟೆ ಹೊಡೆದಾಗ ಧ್ಯಾನ ಕೆಡುತ್ತಿತ್ತು, ಹೊಡೆಯದಿದ್ದಾಗ ಇನ್ನೇನು ಹೊಡೆದೀತು ಎಂದು ಕೆಡುತ್ತಿತ್ತು. ಈಗ ಮಹಡಿಯ ಮೂಲೆಯ ಕೋಣೆ ಖಾಲಿಯಾಗಿರುವುದು ಅವನಿಗೆ ತಿಳಿದಿತ್ತು.

“ನಿನ್ನನ್ನು ನೋಡಲು ಯಾರೋ ಬಂದಿದ್ದಾರಂತಲ್ಲ,” ಎಂದರು ಗುರುಗಳು.

“ತಂಗಿ, ಗುರುಗಳೇ. ಬೆಳಗಿನ ಬಸ್ಸಿಗೆ ಬಂದಳು. ಕಚೇರಿಯ ಜಗಲಿಯಲ್ಲಿ ಕೂರಿಸಿದ್ದೇನೆ. ಊಟ ಆಗಿದೆ. ಅವಸರವೇನಿಲ್ಲ.”

“ಅವಸರವಿಲ್ಲ ಎಂದು ಅವಳು ಹೇಳಿದಳೇ?”

“ನಾನೇ ಹೇಳಿದೆ. ಕೋಣೆಯ ವಿಷಯ ಇತ್ಯರ್ಥವಾದರೆ ಸಮಾಧಾನವಾಗಿ ಕೂತು ಮಾತಾಡಬಹುದು ಎಂದು.”

“ಅವಳು ವಾಪಸು ಹೋಗುವುದು?”

“ನಾಲ್ಕರ ಬಸ್ಸಿಗೆ.”

ಗುರುಗಳು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರು. “ನಿನ್ನ ಪ್ರಶ್ನೆಗೆ ಒಂದು ಕತೆ ಇದೆ. ಸ್ವಲ್ಪ ಉದ್ದದ್ದು. ತಂಗಿಯನ್ನು ಮಾತಾಡಿಸಿ ಬಂದು ಕೇಳುತ್ತೀಯೋ?”

“ಇಲ್ಲ ಗುರುಗಳೇ, ಹೇಳಿ,” ಎಂದು ಶಿಷ್ಯ ಕಾಲು ಮಡಚಿ ಕೂತ.

ಗುರುಗಳು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಪಾತ್ರೆ ವ್ಯಾಪಾರ. ತಾಮ್ರ, ಹಿತ್ತಾಳೆ, ಕಂಚು. ಅವನ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಕೊಳ್ಳುವಾಗಲೂ ಮಾರುವಾಗಲೂ ಪಾತ್ರೆಯನ್ನು ಎಡಗೈಯ ಬೆರಳ ತುದಿಗಳ ಮೇಲೆ ನಿಲ್ಲಿಸಿ, ಬಲಗೈಯ ನಡುಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದ. ಸದ್ದು ಉದ್ದಕ್ಕೆ ಹೋದರೆ ಪಾತ್ರೆ ಸರಿಯಾಗಿದೆ. ನಡುವೆ ಸತ್ತರೆ ಕಣ್ಣಿಗೆ ಕಾಣದ ಬಿರುಕು ಎಲ್ಲೋ ಇದೆ. ಮೂವತ್ತು ವರ್ಷದಲ್ಲಿ ಅವನ ಕಿವಿ ತಪ್ಪಿದ್ದಿಲ್ಲ. ಅನುಮಾನ ಬಂದ ಪಾತ್ರೆಯನ್ನು ಬೇರೆ ಅಂಗಡಿಯವರೂ ಅವನ ಬಳಿಗೇ ಕಳಿಸುತ್ತಿದ್ದರು. ಅವನು ತಟ್ಟಿ, ‘ಇದರಲ್ಲಿ ನೀರು ನಿಲ್ಲುವುದಿಲ್ಲ’ ಎಂದರೆ ನಿಲ್ಲುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ತಾಯಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಗಳಿಗೆ ಮದುವೆ ಗೊತ್ತಾಗಿತ್ತು. ಹುಡುಗನನ್ನು ವ್ಯಾಪಾರಿಯೇ ನೋಡಿ ಒಪ್ಪಿದ್ದ. ಇಪ್ಪತ್ತು ನಿಮಿಷದ ಭೇಟಿ, ಒಂದು ತಟ್ಟೆ ಕೇಸರಿಬಾತು. ಒಳ್ಳೆಯ ಮನೆತನ, ಒಳ್ಳೆಯ ಕೆಲಸ, ಒಳ್ಳೆಯ ಎತ್ತರ. ಮಗಳನ್ನು ಕೇಳಿದಾಗ ಅವಳು ‘ನೀವು ಹೇಗೆ ಹೇಳಿದರೆ ಹಾಗೆ’ ಎಂದಿದ್ದಳು. ಅದನ್ನು ಅವನು ಒಪ್ಪಿಗೆ ಎಂದುಕೊಂಡ. ಹಾಗೆಂದುಕೊಳ್ಳುವ ತಂದೆ ಅವನೊಬ್ಬನೇ ಅಲ್ಲ.

ಮದುವೆಗೆ ಇಪ್ಪತ್ತೈದು ದಿನ ಇರುವಾಗ ಮಗಳು ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಪಕ್ಕ ನಿಂತಳು.

“ಅಪ್ಪಾ, ನಿಮಗೆ ಒಂದು ಮಾತು ಹೇಳಬೇಕು.”

“ಹೇಳು ಪುಟ್ಟೀ.”

ಅಷ್ಟರಲ್ಲಿ ಗಿರಾಕಿ ಬಂದರು. ಛತ್ರಕ್ಕೆ ಕೊಪ್ಪರಿಗೆ ಬೇಕಿತ್ತು. ವ್ಯಾಪಾರಿ ಎದ್ದು ಹೋಗಿ ನಾಲ್ಕು ಕೊಪ್ಪರಿಗೆ ತಟ್ಟಿ, ಮೂರನ್ನು ಕೊಟ್ಟು, ಒಂದನ್ನು ಒಳಗಿಡಿಸಿ ಬಂದ. ಮಗಳು ಅಲ್ಲೇ ನಿಂತಿದ್ದಳು.

“ಇಲ್ಲಿ ಬೇಡ,” ಎಂದಳು. “ಮನೆಯಲ್ಲೂ ಆಗುವುದಿಲ್ಲ. ಅತ್ತೆಯಂದಿರೆಲ್ಲ ಬಂದು ಕೂತಿದ್ದಾರೆ. ನಾವಿಬ್ಬರೇ ಎಲ್ಲಿಗಾದರೂ ನಾಲ್ಕು ದಿನ ಹೋಗಿಬರೋಣ ಅಪ್ಪಾ. ಅಲ್ಲಿ ಹೇಳುತ್ತೇನೆ.”

ವ್ಯಾಪಾರಿಗೆ ಒಳಗೊಳಗೇ ಹಿಗ್ಗಾಯಿತು. ಮಗಳು ಏನನ್ನೂ ಕೇಳುವವಳಲ್ಲ. ಕೇಳಿದ ಮೇಲೆ ಚಿಕ್ಕದಾಗಿ ಕೊಡಬಾರದು ಎಂದು ಅವನು ಪ್ರವಾಸದ ಏಜೆಂಟನ ಬಳಿಗೆ ಹೋದ. ಏಜೆಂಟ ಒಂದು ಹಡಗಿನ ಚಿತ್ರ ತೋರಿಸಿದ. ಹನ್ನೊಂದು ಅಂತಸ್ತು. ಈಜುಕೊಳ, ನಾಟಕಶಾಲೆ, ಈರುಳ್ಳಿ ಬೆಳ್ಳುಳ್ಳಿ ಹಾಕದ ಊಟಕ್ಕೆ ಬೇರೆಯೇ ಪಂಕ್ತಿ. ನಾಲ್ಕು ದಿನ ಸಮುದ್ರದ ಮೇಲೆ ಸುತ್ತಿ, ಹೊರಟ ಬಂದರಿಗೇ ವಾಪಸು. ಎಲ್ಲಿಗೂ ಹೋಗದೆ ಹೋಗಿಬರುವ ಪ್ರಯಾಣ. ಜನ ಇದಕ್ಕೆ ದುಡ್ಡು ಕೊಟ್ಟು ಟಿಕೆಟ್ ಮಾಡಿಸುತ್ತಾರೆ.

ಎಲ್ಲ ಮುಗಿದ ಮೇಲೆ ಏಜೆಂಟ ಕೇಳಿದ: “ಕೋಣೆ ಎಲ್ಲಿ ಬೇಕು?”

“ಎಲ್ಲಿ ಎಂದರೆ? ಹಡಗಿನಲ್ಲಿ.”

“ಹಡಗಿನಲ್ಲೇ, ಸಾರ್. ಮುಂದೆಯೋ, ಹಿಂದೆಯೋ, ನಡುವೆಯೋ? ಮೇಲೋ, ಕೆಳಗೋ? ಕಿಟಕಿಯೋ, ಬಾಲ್ಕನಿಯೋ, ಎರಡೂ ಇಲ್ಲದ್ದೋ?”

ವ್ಯಾಪಾರಿ ನಕ್ಷೆಯನ್ನು ನೋಡಿದ. ಸಾವಿರ ಕೋಣೆ, ಜೇನುಗೂಡಿನ ಹಾಗೆ. ಪಾತ್ರೆಯಾಗಿದ್ದರೆ ತಟ್ಟಬಹುದಿತ್ತು. ಕಾಗದವನ್ನು ತಟ್ಟಿದರೆ ಕಾಗದದ ಸದ್ದೇ ಬರುತ್ತದೆ. ಅವನು ನಕ್ಷೆಯನ್ನು ಮಡಚಿ, ಅಂಗಡಿಗೆ ವಾಸ್ತು ಹೇಳಿದ್ದ ಶಾಸ್ತ್ರಿಗಳ ಮನೆಗೆ ಹೋದ. ಶಾಸ್ತ್ರಿಗಳು ಹಡಗನ್ನು ಕಂಡವರಲ್ಲ. ಆದರೆ ಕೇಳಿದವರಿಗೆ ಇಲ್ಲ ಎಂದವರೂ ಅಲ್ಲ.

“ಬಾಗಿಲು ಪೂರ್ವಕ್ಕೆ ಇರಲಿ,” ಎಂದರು. “ಮಿಕ್ಕಿದ್ದು ಅದರಷ್ಟಕ್ಕೆ ಸರಿಹೋಗುತ್ತದೆ.”

ಹಡಗು ಬಂದರಿನಲ್ಲಿ ಯಾವ ಕಡೆಗೆ ಮುಖ ಮಾಡಿ ನಿಲ್ಲುತ್ತದೆ ಎಂದು ವ್ಯಾಪಾರಿ ಏಜೆಂಟನಿಗೆ ಎರಡು ಸಲ ಫೋನ್ ಮಾಡಿ ಕೇಳಿದ. ಉತ್ತರಕ್ಕೆ ಎಂದು ತಿಳಿದ ಮೇಲೆ ಎಡಸಾಲಿನಲ್ಲಿ ಒಂದು ಕೋಣೆ ಹಿಡಿದ. ಬಾಗಿಲು ಪೂರ್ವಕ್ಕೆ, ಕಿಟಕಿ ಪಶ್ಚಿಮಕ್ಕೆ.

ಹೊರಡುವ ದಿನ ಮಧ್ಯಾಹ್ನ ಇಬ್ಬರೂ ಹಡಗು ಹತ್ತಿದರು. ವ್ಯಾಪಾರಿ ಕೋಣೆಯ ನಾಲ್ಕು ಗೋಡೆಗಳನ್ನೂ ಗೆಣ್ಣಿನಿಂದ ತಟ್ಟಿ ನೋಡಿದ. ತೃಪ್ತಿಯಾಯಿತು. ಕಿಟಕಿಯಲ್ಲಿ ಇಳಿಬಿಸಿಲು ಬಿದ್ದಿತ್ತು. ಮಗಳು ಚೀಲ ಕೆಳಗಿಟ್ಟು ಮಂಚದ ತುದಿಯಲ್ಲಿ ಕೂತಳು.

“ಅಪ್ಪಾ, ಈಗ ಹೇಳಲಾ?”

“ಇರು, ಹಡಗು ಹೊರಡಲಿ. ನೆಮ್ಮದಿಯಾಗಿ ಕೇಳುತ್ತೇನೆ.”

ಹಡಗು ಹೊರಟಿತು. ಹೊರಟದ್ದು ದಕ್ಷಿಣಕ್ಕೆ. ಅದಕ್ಕೆ ಮೊದಲು ಬಂದರಿನ ನೀರಿನಲ್ಲೇ ನಿಧಾನವಾಗಿ, ಅಟ್ಟದಿಂದ ಬೀರು ಇಳಿಸುವವರ ಹಾಗೆ, ಒಂದು ಅರ್ಧ ಸುತ್ತು ತಿರುಗಿತು. ಕಿಟಕಿಯ ಬಿಸಿಲು ಗೋಡೆಗೆ ಸರಿದು, ಸಣ್ಣದಾಗಿ, ಇಲ್ಲವಾಯಿತು. ವ್ಯಾಪಾರಿ ಅದನ್ನು ನೋಡುತ್ತಲೇ ಇದ್ದ. ಬಿಸಿಲು ಪೂರ್ತಿ ಹೋದ ಮೇಲೆ ಎದ್ದು ಕೆಳಗಿನ ವಿಚಾರಣೆಯ ಮೇಜಿಗೆ ಹೋದ. ಅಲ್ಲಿದ್ದವನು ಮಂಗಳೂರಿನ ಕಡೆಯವನು. ಹದಿನಾಲ್ಕು ವರ್ಷ ಹಡಗಿನಲ್ಲಿದ್ದವನಿಗೆ ಯಾವುದೂ ಹೊಸದಲ್ಲ.

“ನನ್ನ ಬಾಗಿಲು ಪೂರ್ವಕ್ಕಿತ್ತು,” ಎಂದ ವ್ಯಾಪಾರಿ. “ಈಗ ಪಶ್ಚಿಮಕ್ಕಿದೆ.”

“ಹೌದು ಸಾರ್. ಹಡಗು ತಿರುಗಿತಲ್ಲ.”

“ಹಾಗಾದರೆ ಎದುರು ಸಾಲಿನಲ್ಲಿ ಕೊಡಿ.”

“ಕೊಡುವ ಸಾರ್. ಆದರೆ ವಾಪಸ್ ಬರುವಾಗ ಅದು ಸಹ ತಿರುಗುತ್ತದೆ. ಆಗ ಎಂತ ಮಾಡುವುದು?”

“ಆಗಿನದು ಆಗ.”

“ಆಯ್ತು ಸಾರ್,” ಎಂದು ಅವನು ಬೇರೆ ಕೀ ಕಾರ್ಡು ಕೊಟ್ಟ. ಮಗಳು ಬಿಚ್ಚಿದ ಚೀಲವನ್ನು ಮತ್ತೆ ಕಟ್ಟಿದಳು.

ಎರಡನೆಯ ಕೋಣೆ ಲಿಫ್ಟಿಗೆ ಹತ್ತಿರವಿತ್ತು. ಲಿಫ್ಟು ಬಂದು ನಿಂತಾಗಲೆಲ್ಲ ಒಂದು ಗಂಟೆ ಬಾರಿಸುತ್ತಿತ್ತು. ಬೇರೆಯವರಿಗೆ ಅದು ಗಂಟೆ. ವ್ಯಾಪಾರಿಗೆ ಅದು ಬಿರುಕು ಬಿಟ್ಟ ಗಂಟೆ. ಒಮ್ಮೆ ಹಾಗೆಂದು ಗೊತ್ತಾದ ಮೇಲೆ ಬೇರೇನೂ ಕೇಳಿಸದಾಯಿತು.

“ಅಪ್ಪಾ, ಇಲ್ಲಿ ಬನ್ನಿ,” ಎಂದಳು ಮಗಳು ಕಿಟಕಿಯ ಬಳಿಯಿಂದ. “ಸೂರ್ಯ ಮುಳುಗುತ್ತಿದ್ದಾನೆ. ಇಲ್ಲಿ ಕೂತುಕೊಂಡು ಮಾತಾಡೋಣ.”

“ಇಪ್ಪತ್ತಾರು,” ಎಂದ ವ್ಯಾಪಾರಿ.

“ಏನು ಇಪ್ಪತ್ತಾರು?”

“ಒಂದು ಗಂಟೆಯಲ್ಲಿ ಇಪ್ಪತ್ತಾರು ಸಲ. ಈ ಟಣಟಣದ ನಡುವೆ ನಿನ್ನ ಮಾತು ಕೇಳುವುದು ಹೇಗೆ ಪುಟ್ಟೀ? ನೀನು ಅದಕ್ಕೆಂದೇ ಇಷ್ಟು ದೂರ ಕರೆದುಕೊಂಡು ಬಂದಿದ್ದೀಯ. ಒಂದು ಸರಿಯಾದ ಜಾಗದಲ್ಲಿ ಕೂತು ಕೇಳಬೇಡವೇ?”

ಇದನ್ನು ಅವನು ಪ್ರೀತಿಯಿಂದಲೇ ಹೇಳಿದ. ಸುಳ್ಳೂ ಹೇಳಲಿಲ್ಲ. ಮಗಳ ಮಾತು ದೊಡ್ಡದಿರಬೇಕು ಎಂದು ಅವನಿಗೆ ಅನ್ನಿಸಿತ್ತು. ದೊಡ್ಡ ಮಾತು ಎಂದರೆ ಸಾಮಾನ್ಯವಾಗಿ ಯಾವ ಮಾತು ಎಂದು ಯೋಚಿಸಲು ಹೋಗಿರಲಿಲ್ಲ, ಅಷ್ಟೇ. ಅದಕ್ಕೆ ಬೇಕಾದ ಪುರಸೊತ್ತು ಅವನಿಗೆ ಇರಲಿಲ್ಲ, ಕೋಣೆ ಹುಡುಕುವುದಿತ್ತು.

ಮರುದಿನ ಮೂರನೆಯ ಕೋಣೆ ಸಿಕ್ಕಿತು. ಹತ್ತನೆಯ ಅಂತಸ್ತಿನಲ್ಲಿ, ಹಡಗಿನ ಮೂತಿಯ ಕಡೆಗೆ. ಬಾಲ್ಕನಿಯಲ್ಲಿ ಎರಡು ಕುರ್ಚಿ, ನಡುವೆ ಪುಟ್ಟ ಮೇಜು. ಎದುರಿಗೆ ನೀರು ಬಿಟ್ಟರೆ ಏನಿಲ್ಲ. ಮಗಳು ಎರಡು ಲೋಟ ಕಾಫಿ ತರಿಸಿ, ತಂದೆಯ ಕಡೆಗೆ ಒಂದನ್ನು ಸರಿಸಿ, ಕೂತಳು. ಲೋಟದ ಅಂಚಿನ ಸುತ್ತ ಬೆರಳಾಡಿಸಿದಳು.

“ಅಪ್ಪಾ, ಆ ಹುಡುಗನ ವಿಷಯ—”

ವ್ಯಾಪಾರಿ ಬೆರಳೆತ್ತಿದ. “ಕೇಳಿಸಿತೇ?”

“ಏನು?”

“ಮೇಲೆ ಕುರ್ಚಿ ಎಳೆದರು.”

ಮಗಳು ಮೇಲೆ ನೋಡಿದಳು. ಮೇಲೆ ಈಜುಕೊಳವಿತ್ತು. ಬಿಸಿಲು ಸರಿದಂತೆ ಜನ ಕುರ್ಚಿ ಸರಿಸುತ್ತಿದ್ದರು.

“ಕೇಳಿಸಿತು,” ಎಂದಳು.

“ಮತ್ತೆ ನೋಡು, ಲೋಟ ನಿಂತ ಕಡೆ ನಿಲ್ಲುತ್ತಿಲ್ಲ. ಮೂತಿಯ ಕಡೆ ತುಯ್ದಾಟ ಜಾಸ್ತಿಯಂತೆ. ಮೊದಲೇ ಯಾರೂ ಹೇಳುವುದಿಲ್ಲ.” ಅವನು ಎದ್ದ. “ಇರು, ಬಂದೆ.”

ಅವನು ಬಂದಾಗ ಎರಡು ಲೋಟದಲ್ಲೂ ಕಾಫಿ ಕೆನೆ ಕಟ್ಟಿತ್ತು.

ಗುರುಗಳು ಇಲ್ಲಿ ನಿಲ್ಲಿಸಿ, “ಗಂಟೆ ಎಷ್ಟು?” ಎಂದು ಕೇಳಿದರು.

ಶಿಷ್ಯ ಗೋಡೆಯ ಗಡಿಯಾರ ನೋಡಿದ. “ಮೂರೂ ಇಪ್ಪತ್ತೈದು. ಮುಂದೆ ಹೇಳಿ ಗುರುಗಳೇ. ಅವನಿಗೆ ಸರಿಯಾದ ಕೋಣೆ ಸಿಕ್ಕಿತೇ?”

“ಸಿಕ್ಕಿತು,” ಎಂದು ಗುರುಗಳು ಮುಂದುವರಿಸಿದರು.

ಮೂರನೆಯ ದಿನ ಪೂರ್ತಿ ವ್ಯಾಪಾರಿ ಕೋಣೆ ನೋಡಿದ. ಮಂಗಳೂರಿನವನು ಬೀಗ ತೆಗೆಯುವುದು, ಇವನು ಒಳಗೆ ಹೋಗಿ ಗೋಡೆ ತಟ್ಟುವುದು. ಹಿಂಭಾಗದ ಕೋಣೆಯಲ್ಲಿ ಯಂತ್ರದ ನಡುಕವಿತ್ತು. ತಟ್ಟದಿದ್ದರೂ ಗೋಡೆಯೇ ಸದ್ದು ಮಾಡುತ್ತಿತ್ತು. ನಡುವಿನ ಒಂದರಲ್ಲಿ ಸದ್ದಿರಲಿಲ್ಲ, ಆದರೆ ಕಿಟಕಿಗೆ ಅಡ್ಡವಾಗಿ ಜೀವರಕ್ಷಕ ದೋಣಿಯೊಂದನ್ನು ತೂಗುಹಾಕಿದ್ದರು. ಇನ್ನೊಂದರ ಕೆಳಗೆ ನಾಟಕಶಾಲೆ; ತಾಲೀಮು ನಡೆಯುತ್ತಿತ್ತು. ನಡುವೆ ಹಡಗು ಒಂದು ದ್ವೀಪದ ಬಳಿ ನಿಂತು, ಜನ ಇಳಿದು, ಹತ್ತಿ, ಹಡಗು ವಾಪಸು ಹೊರಟದ್ದೂ ಅವನಿಗೆ ಗೊತ್ತಾಗಲಿಲ್ಲ. ಮಗಳನ್ನು ಕಂಡದ್ದು ಸಂಜೆ ಊಟದ ಮೇಜಿನಲ್ಲಿ.

“ಇವತ್ತು ಡಾಲ್ಫಿನ್ ಬಂದಿದ್ದವು ಅಪ್ಪಾ. ಹಡಗಿನ ಪಕ್ಕದಲ್ಲೇ.”

“ಹೌದೇ? ಹಿಂಭಾಗ ಪ್ರಯೋಜನವಿಲ್ಲ. ನಡುಕ.”

ಮಗಳು ಚಪಾತಿ ಮುರಿಯುತ್ತಾ ನಕ್ಕಳು. “ಅಲ್ಲಪ್ಪಾ, ನನಗೆ ಗಂಡು ನೋಡಲು ಇಪ್ಪತ್ತು ನಿಮಿಷ ತೆಗೆದುಕೊಂಡಿರಿ. ನಾಲ್ಕು ದಿನದ ಕೋಣೆಗೆ ಮೂರು ದಿನ ಆಯಿತು.”

ವ್ಯಾಪಾರಿಯೂ ನಕ್ಕ. ಮಾತು ಚೆನ್ನಾಗಿದೆ ಅನ್ನಿಸಿತು. ಮರುದಿನ ಬೆಳಿಗ್ಗೆ ಅದನ್ನು ಮಂಗಳೂರಿನವನಿಗೂ ಹೇಳಿದ. ಮಂಗಳೂರಿನವನು ನಗಲಿಲ್ಲ. ಅವನು ಕೇಳಿದ:

“ಸಾರ್, ನಿಮಗೆ ನಿಜವಾಗಿ ಎಂತ ಬೇಕು?”

“ಅಲುಗಬಾರದು. ಸದ್ದು ಬರಬಾರದು. ಬಾಗಿಲು ಪೂರ್ವಕ್ಕಿರಬೇಕು. ಮಗಳ ಹತ್ತಿರ ಒಂದು ಮುಖ್ಯವಾದ ಮಾತಾಡುವುದಿದೆ.”

“ಹಾಗಾದರೆ ಒಂದು ಉಂಟು. ಕೆಳಗೆ, ಸರೀ ನಡುವಿಗೆ. ಅಲುಗುವುದಿಲ್ಲ. ಕಿಟಕಿ ಇಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಅದರಲ್ಲಿ ಕೂತರೆ ಸಮುದ್ರದ ಮೇಲೆ ಇದ್ದೇವೆ ಅಂತ ಸಹ ಗೊತ್ತಾಗುವುದಿಲ್ಲ.” ಆಮೇಲೆ ಸೇರಿಸಿದ: “ಮಾತಾಡಲಿಕ್ಕೆ ಇಷ್ಟೆಲ್ಲ ಬೇಕಾ ಸಾರ್?”

“ಮೊದಲೇ ಹೇಳಬಾರದಿತ್ತೇ?” ಎಂದ ವ್ಯಾಪಾರಿ. ಅವನು ಕೇಳಿಸಿಕೊಂಡದ್ದು ಕೋಣೆಯ ವಿಷಯವನ್ನು ಮಾತ್ರ.

ಕೋಣೆಯನ್ನು ಗುಡಿಸಿ ಒರೆಸಿ ಕೊಡುವ ಹೊತ್ತಿಗೆ ಸಂಜೆ ಐದಾಯಿತು. ವ್ಯಾಪಾರಿ ಒಳಗೆ ಹೋಗಿ ಗೋಡೆ ತಟ್ಟಿದ. ತುಂಬಿದ ಸದ್ದು. ಮೇಜಿನ ಮೇಲೆ ಒಂದು ಲೋಟ ನೀರಿಟ್ಟು ಕಾದ. ನೀರು ಕದಲಲಿಲ್ಲ. ಲಿಫ್ಟಿಲ್ಲ, ಕುರ್ಚಿಯಿಲ್ಲ, ಯಂತ್ರವಿಲ್ಲ. ಹಡಗು ಈಗ ಉತ್ತರಕ್ಕೆ ಹೋಗುತ್ತಿದ್ದುದರಿಂದ ಬಾಗಿಲು ಪೂರ್ವಕ್ಕೇ ಇತ್ತು. ಅವನು ಮಗಳನ್ನು ಕರೆತಂದು, ಬಾಗಿಲು ಹಾಕಿ, ಒಂದು ಮಂಚದ ಮೇಲೆ ಕೂತ. ಮಗಳು ಎದುರಿನ ಮಂಚದ ಮೇಲೆ ಕೂತಳು. ನಾಲ್ಕನೆಯ ಸಲ ಕಟ್ಟಿದ ಚೀಲ ಅವಳ ಕಾಲ ಬಳಿ ಇತ್ತು. ಅದನ್ನು ಅವಳು ಬಿಚ್ಚಲಿಲ್ಲ.

“ಈಗ ಹೇಳು ಪುಟ್ಟೀ,” ಎಂದ. “ಏನೋ ಹೇಳಬೇಕು ಎಂದಿದ್ದೆಯಲ್ಲ.”

ಮಗಳು ನಾಲ್ಕು ಗೋಡೆಗಳನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ತಂದೆಯನ್ನು ನೋಡಿದಳು.

“ಏನಿಲ್ಲ ಅಪ್ಪಾ. ಕೋಣೆ ಚೆನ್ನಾಗಿದೆ.”

ಅಂಥ ನಿಶ್ಶಬ್ದದ ಕೋಣೆಯಲ್ಲಿ ಯಾವುದೂ ತಪ್ಪಿಹೋಗುವಂತಿರಲಿಲ್ಲ. ‘ಏನಿಲ್ಲ’ ಎಂಬುದು ಉದ್ದಕ್ಕೆ ಹೋಗಲಿಲ್ಲ. ನಡುವೆ ಸತ್ತಿತು. ವ್ಯಾಪಾರಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅಂಗಡಿಯಲ್ಲಾಗಿದ್ದರೆ ಅವನು ಪಾತ್ರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಬಿರುಕು ಸಿಗುವವರೆಗೆ ತಿರುಗಿಸುತ್ತಿದ್ದ, ಸಿಗದೆ ಬಿಡುತ್ತಿರಲಿಲ್ಲ.

“ಹೌದು, ಚೆನ್ನಾಗಿದೆ,” ಎಂದ. “ಮೊದಲೇ ಇದನ್ನು ತೆಗೆದುಕೊಳ್ಳಬೇಕಿತ್ತು.”

ಹಡಗು ಬಂದರು ಸೇರಲು ಇನ್ನೂ ಹದಿನಾಲ್ಕು ಗಂಟೆಯಿತ್ತು. ಹದಿನಾಲ್ಕು ಗಂಟೆಯಲ್ಲಿ ಇನ್ನೊಂದು ಸಲ ಕೇಳಬಹುದಿತ್ತು. ಅವನು ಕೇಳಲಿಲ್ಲ. ಅಷ್ಟು ಅಲೆದು ಸಿಕ್ಕ ನೆಮ್ಮದಿ; ಕೆಡಿಸಿಕೊಳ್ಳುವುದು ಬೇಡ ಅನ್ನಿಸಿರಬೇಕು.

ಮದುವೆ ಆಯಿತು. ಮಗಳಿಗೆ ಕೊಟ್ಟ ಪಾತ್ರೆಗಳನ್ನೆಲ್ಲ ವ್ಯಾಪಾರಿ ತಾನೇ ತಟ್ಟಿ ಆರಿಸಿದ. ಒಂದರಲ್ಲೂ ದೋಷವಿರಲಿಲ್ಲ. ಈಗ ಊರಿನಲ್ಲಿ ಯಾರಾದರೂ ಹಡಗಿನ ಪ್ರವಾಸ ಹೊರಟರೆ ಮೊದಲು ಅವನನ್ನು ಕೇಳುತ್ತಾರೆ. ‘ಕೆಳಗೆ, ಸರಿಯಾಗಿ ನಡುವೆ, ಕಿಟಕಿ ಇಲ್ಲದ್ದು’ ಎನ್ನುತ್ತಾನೆ. ಅವರು ಬರೆದುಕೊಳ್ಳುತ್ತಾರೆ.

ಮಗಳು ಹಬ್ಬಕ್ಕೆ ಬರುತ್ತಾಳೆ. ಬಂದಾಗ ವ್ಯಾಪಾರಿ ‘ಚೆನ್ನಾಗಿದ್ದೀಯಾ ಪುಟ್ಟೀ?’ ಎಂದು ಕೇಳುತ್ತಾನೆ. ಮನೆಯಲ್ಲಿ ಕೇಳುವುದಿಲ್ಲ. ಅಂಗಡಿಗೆ ಕರೆಸಿಕೊಂಡು, ಗಿರಾಕಿಗಳಿರುವ ಹೊತ್ತಿನಲ್ಲಿ, ಆಳುಗಳು ನಾಲ್ಕೂ ಕಡೆ ಪಾತ್ರೆ ತಟ್ಟುತ್ತಿರುವಾಗ ಕೇಳುತ್ತಾನೆ. ಅಲ್ಲಿ ಅವಳ ಉತ್ತರ ಸರಿಯಾಗಿ ಕೇಳಿಸುವುದಿಲ್ಲ.

ಗುರುಗಳು ಕತೆ ಮುಗಿಸಿದರು. ಮೇಜಿನ ಸೆಳೆಖಾನೆಯಿಂದ ಮಹಡಿಯ ಕೋಣೆಯ ಬೀಗದಕೈ ತೆಗೆದು ಶಿಷ್ಯನ ಮುಂದಿಟ್ಟರು. ಶಿಷ್ಯ ಅದನ್ನು ತೆಗೆದುಕೊಳ್ಳಲಿಲ್ಲ. ಅವನು ಕತೆಯನ್ನೇ ಯೋಚಿಸುತ್ತಿದ್ದ. ಹುಬ್ಬು ಗಂಟಿಕ್ಕಿತ್ತು.

“ಅಲ್ಲ ಗುರುಗಳೇ,” ಎಂದ ಕೊನೆಗೆ, “ಆ ಮಗಳು ಹೇಳಬೇಕೆಂದಿದ್ದು ಏನು?”

“ಅದು ನನಗೆ ಗೊತ್ತಿಲ್ಲ; ಜಗಲಿಯಲ್ಲಿ ಕೂತವಳನ್ನು ಕೇಳು, ಬಸ್ಸಿಗೆ ಇನ್ನೂ ಹತ್ತು ನಿಮಿಷವಿದೆ.”